ಹಸಿರು ಬಣ್ಣ ನಂಬಿ ಕೂತೆ: ಮಳೆ ಲೆಕ್ಕವನ್ನು ಚಾರ್ಟಿಗೆ ಜೋಡಿಸುವಾಗ ಕಲಿತ ಪಾಠ

ಕಳೆದ ವರ್ಷ ಪುನರ್ವಸು ಮಳೆ ಹೊತ್ತಿಗೆ ನಮ್ಮ ಇಪ್ಪತ್ತು ಗುಂಟೆ ಆಲೂಗಡ್ಡೆಗೆ ನಲವತ್ತೈದು ದಿನ ತುಂಬಿತ್ತು. ಗಿಡ ಸಾಲು ಮುಚ್ಚಿ ಬೆಳೆದಿತ್ತು, ಗೆಡ್ಡೆ ಕಟ್ಟೋಕೆ ಶುರುವಾಗಿತ್ತು. ಅದೇ ವಾರ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಅಪ್ಪ, ನಾನು ಇಬ್ಬರೂ ಅಮ್ಮನ ಜೊತೆ ಐದು ದಿನ ಮೈಸೂರಲ್ಲಿ ಉಳಿಯಬೇಕಾಯ್ತು. ಹೊರಡೋ ಮೊದಲು ಬೋರ್ಡೋ ದ್ರಾವಣ ಹೊಡೆದು ಹೋಗಿದ್ದೆ. ಜೊತೆಗೆ ಮೊಬೈಲಲ್ಲಿ ನಾನೇ ಮಾಡಿಕೊಂಡ ಒಂದು ಚಾರ್ಟ್ ಇತ್ತು. ಸಿಂಪಡಣೆ ಆದ ಮೇಲೆ ಎಷ್ಟು ಮಳೆ ಬಿತ್ತು ಅನ್ನೋದನ್ನು ಅದು ಕೂಡಿಸಿ ತೋರಿಸ್ತಿತ್ತು. 25 ಮಿ.ಮೀ. ಒಳಗಿದ್ದರೆ ಹಸಿರು, 25ರಿಂದ 50ರವರೆಗೆ ಹಳದಿ, 50 ದಾಟಿದರೆ ಕೆಂಪು.

ದಿನಾ ಬೆಳಿಗ್ಗೆ ಆಸ್ಪತ್ರೆ ವರಾಂಡದಲ್ಲಿ ಕೂತು ನೋಡ್ತಿದ್ದೆ. 14 ಮಿ.ಮೀ., ಹಸಿರು. ಮಾರನೇ ದಿನವೂ 14, ಹಸಿರು. ಮೈಸೂರಲ್ಲೂ ಬರೀ ಮೋಡ, ಆಗಾಗ ನಾಲ್ಕು ಹನಿ. ಸದ್ಯ, ಮಳೆ ಬಿಡುವು ಕೊಟ್ಟಿದೆ ಅಂದುಕೊಂಡೆ. ಐದನೇ ದಿನ ಪಕ್ಕದ ಹೊಲದ ಚಿಕ್ಕಪ್ಪ ಫೋನ್ ಮಾಡಿದರು.

"ಏನವ್ವಾ, ನಿಮ್ಮ ಆಲೂಗಡ್ಡೆ ಹೊಲದ ಕಡೆ ಯಾರೂ ಬಂದಿಲ್ವಾ? ಕೆಳಗಿನ ಮಡಿಲಿ ಎಲೆ ಕಪ್ಪಗಾಗ್ತಾ ಅದೆ. ವಾಸ್ನೆ ಬೇರೆ ಬತ್ತಾ ಅದೆ."

"ಮಳೆ ಇರ್ಲಿಲ್ವಲ್ಲ ಚಿಕ್ಕಪ್ಪ?"

"ಯಾರವ್ವಾ ಹೇಳಿದ್ದು? ಮೂರು ರಾತ್ರಿಯಿಂದ ಬಿಟ್ಟೂ ಬಿಡದೆ ಸುರೀತಾ ಅದೆ!"

ಸಂಜೆ ಬಸ್ಸಿಗೆ ಬಂದು ನೋಡಿದರೆ ಅಂಗಮಾರಿ ರೋಗ ಒಳಗೆ ನುಗ್ಗಿಯಾಗಿತ್ತು. ಮಳೆ ಮಾಪಕದಲ್ಲಿ ಅಷ್ಟೂ ದಿನದ ನೀರು ಒಟ್ಟಿಗೆ ನಿಂತಿತ್ತು, 83 ಮಿ.ಮೀ. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದು ಶೀಟ್ ತೆರೆದೆ. ಸ್ವಲ್ಪ ಹೊತ್ತಿಗೆ ಸಂಖ್ಯೆ 14ರಿಂದ 71ಕ್ಕೆ ಹಾರಿತು, ಹಸಿರು ಹೋಗಿ ಕೆಂಪಾಯಿತು. ಐದು ದಿನ ನಾನು ನೋಡಿದ್ದು ಹೊರಟ ದಿನದ ಲೆಕ್ಕ. ಚಾರ್ಟಿಗೆ ಹೊಸ ಮಾಹಿತಿ ಬರುವುದೇ ನಿಂತಿತ್ತು, ಅದನ್ನು ಹೇಳುವ ಒಂದು ಗುರುತೂ ನಾನು ಅದರಲ್ಲಿ ಇಟ್ಟಿರಲಿಲ್ಲ. ಇಪ್ಪತ್ತು ಗುಂಟೆಯಲ್ಲಿ ಎಂಟು ಗುಂಟೆ ಹೋಯಿತು.

ಹಾಗಂತ ಚಾರ್ಟೇ ಬೇಡ ಅನ್ನೋದಕ್ಕೆ ಇದನ್ನು ಬರೀತಿಲ್ಲ. ಈ ವರ್ಷವೂ ಅದನ್ನೇ ಬಳಸ್ತಿದ್ದೇನೆ, ಸರಿಯಾಗಿ ಜೋಡಿಸಿಕೊಂಡು. ಹೊರಗಿನ ಮಾಹಿತಿಯನ್ನು ಚಾರ್ಟಿಗೆ ಹೇಗೆ ತರೋದು, ಎಲ್ಲೆಲ್ಲಿ ಎಡವುತ್ತೇವೆ ಅನ್ನೋದನ್ನು ಒಂದೊಂದಾಗಿ ಹೇಳ್ತೇನೆ.

ಮೂರು ಭಾಗ ಬೇರೆ ಬೇರೆ ಅಂತ ತಿಳಿಯಿರಿ

ಮೊದಲನೆಯದು ಮೂಲ, ಅಂದರೆ ಮಾಹಿತಿ ಹುಟ್ಟುವ ಜಾಗ. ಎರಡನೆಯದು ಹಾಳೆ. ನಾನು ಬಳಸೋದು ಗೂಗಲ್ ಶೀಟ್ಸ್. ಮೂರನೆಯದು ಚಿತ್ರ ಮಾಡುವ ತಂತ್ರಾಂಶ. ನಾನು ಬಳಸೋದು ಲುಕರ್ ಸ್ಟುಡಿಯೊ, 2022ರ ಅಕ್ಟೋಬರ್‌ವರೆಗೆ ಇದರ ಹೆಸರು ಡೇಟಾ ಸ್ಟುಡಿಯೊ ಅಂತಿತ್ತು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಒಂದು ಜಿಮೇಲ್ ಖಾತೆ ಇದ್ದರೆ ಸಾಕು.

ಬಾವಿ, ತೊಟ್ಟಿ, ನಲ್ಲಿ ಇದ್ದಂಗೆ ಅಂದುಕೊಳ್ಳಿ. ನಲ್ಲಿಲಿ ನೀರು ಬಂತು ಅಂದ ಮಾತ್ರಕ್ಕೆ ಬಾವಿಯಿಂದ ತೊಟ್ಟಿಗೆ ಈಗ ನೀರು ಬರ್ತಿದೆ ಅಂತಲ್ಲ, ತೊಟ್ಟಿಲಿದ್ದ ಹಳೇ ನೀರೂ ಇರಬಹುದು. ನನಗೆ ಆಗಿದ್ದು ಅದೇ.

ಮಾಹಿತಿ ಎಲ್ಲಿಂದ?

ಸ್ವಂತ ಮಳೆ ಮಾಪಕ. ಇದಕ್ಕಿಂತ ದೊಡ್ಡ ಮೂಲ ಇಲ್ಲ. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ಸುಮಾರು 4,000 ಲೀಟರ್ ನೀರು. ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ ಬರೆಯಿರಿ. ಮರ, ಗೋಡೆಯ ಮರೆ ಇಲ್ಲದ ಜಾಗದಲ್ಲಿ ನೆಡಿ.

ಓಪನ್-ಮೀಟಿಯೋ. ಗಂಟೆ ಗಂಟೆಯ ಉಷ್ಣಾಂಶ, ತೇವಾಂಶ, ಮಳೆ, ಮುನ್ಸೂಚನೆ ಎಲ್ಲ ಕೊಡುತ್ತದೆ. ವಾಣಿಜ್ಯೇತರ ಬಳಕೆಗೆ ಉಚಿತ, ನೋಂದಣಿ ಬೇಡ. ಆದರೆ ನೆನಪಿಡಿ, ಇದು ನಿಮ್ಮ ಹೊಲದಲ್ಲಿ ಅಳೆದದ್ದಲ್ಲ, ಹವಾಮಾನ ಮಾದರಿಗಳು ಲೆಕ್ಕ ಹಾಕಿದ್ದು. ನನ್ನ ಮಾಪಕ 83 ಅಂದಾಗ ಅದು 71 ಅಂದಿತ್ತು.

ನಾಸಾ ಪವರ್. ಹಳೇ ವರ್ಷಗಳ ಲೆಕ್ಕ ಬೇಕಾದರೆ ಇದು. 1981ರಿಂದ ದಿನವಾರು ಮಳೆ, ಉಷ್ಣಾಂಶ, ತೇವಾಂಶ ಸಿಗುತ್ತದೆ. ಒಂದೊಂದು ಚೌಕ ಅರ್ಧ ಡಿಗ್ರಿಯಷ್ಟು ದೊಡ್ಡದು. ರುದ್ರಪಟ್ಟಣ, ಕೊಣನೂರು, ರಾಮನಾಥಪುರಗಳಿಗೆ ಬೇರೆ ಬೇರೆ ಲೆಕ್ಕ ಇದರಲ್ಲಿ ಹುಡುಕಬೇಡಿ. ಇತ್ತೀಚಿನ ಕೆಲವು ದಿನಗಳ ಅಂಕಿ ತಡವಾಗಿ ಸೇರುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದದ್ದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ಕಳಿಸುವ ಮಳೆ ಮಾಪಕಗಳು ಇವರವು. ಇವರ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಭಾಗದ ಮಳೆ, ಮುನ್ಸೂಚನೆ ಹೇಳುತ್ತಾರೆ. ನಾನು ಇದನ್ನು ಚಾರ್ಟಿಗೆ ಜೋಡಿಸಿಲ್ಲ, ಅನುಮಾನ ಬಂದಾಗ ತಾಳೆ ನೋಡೋಕೆ ಇಟ್ಟುಕೊಂಡಿದ್ದೇನೆ.

ಜೋಡಿಸುವ ಕೆಲಸ

1. ಗೂಗಲ್ ಮ್ಯಾಪಲ್ಲಿ ನಿಮ್ಮ ಹೊಲದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತದೆ. ನಮ್ಮ ಕಡೆ ಅಕ್ಷಾಂಶ 12ರಿಂದ, ರೇಖಾಂಶ 76ರಿಂದ ಶುರು. ಅದಲು ಬದಲು ಮಾಡಬೇಡಿ. ನಾನು ಮೊದಲ ಸಲ ಮಾಡಿದ್ದೆ, ಚಳಿ ನೋಡಿ ಗಾಬರಿಯಾಯ್ತು. ಆ ಜಾಗ ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ಪಕ್ಕದ ಸಮುದ್ರ!

2. ಓಪನ್-ಮೀಟಿಯೋ ತಾಣದಲ್ಲಿ ಆ ಸಂಖ್ಯೆ ಹಾಕಿ, ಗಂಟೆವಾರು ಉಷ್ಣಾಂಶ, ತೇವಾಂಶ, ಮಳೆಗೆ ಗುರುತು ಹಾಕಿ. ಹಿಂದಿನ 7 ದಿನ, ಮುಂದಿನ 3 ದಿನ ಆರಿಸಿ. ಸಮಯ ವಲಯ ಏಷ್ಯಾ/ಕೋಲ್ಕತ್ತಾ ಅಂತ ಕೊಡೋದು ಕಡ್ಡಾಯ. ಕೆಳಗೆ ಒಂದು ಉದ್ದನೆಯ ವಿಳಾಸ ತಯಾರಾಗುತ್ತದೆ. ಅದರ ಕೊನೆಯಲ್ಲಿ ಸಿಎಸ್‌ವಿ ರೂಪ ಬೇಕು ಅಂತ ಸೇರಿಸಿ.

3. ಶೀಟಿನಲ್ಲಿ ಇಂಪೋರ್ಟ್‌ಡೇಟಾ ಅನ್ನುವ ಸೂತ್ರದೊಳಗೆ ಆ ವಿಳಾಸ ಹಾಕಿದರೆ ಅಂಕಿಗಳು ಬಂದು ಕೂರುತ್ತವೆ. ಮೊದಲ ಸಾಲುಗಳಲ್ಲಿ ಸ್ಥಳದ ವಿವರ, ಆಮೇಲೆ ಒಂದು ಖಾಲಿ ಸಾಲು, ಅದರ ಕೆಳಗೆ ಕಾಲಂ ಹೆಸರುಗಳು ಇರುತ್ತವೆ.

4. ಲುಕರ್ ಸ್ಟುಡಿಯೊದಲ್ಲಿ ಹೊಸ ರಿಪೋರ್ಟ್ ತೆರೆದು, ಮೂಲವಾಗಿ ಗೂಗಲ್ ಶೀಟ್ಸ್ ಆರಿಸಿ. ಕಾಲಂ ಹೆಸರು ಇರುವ ಸಾಲಿನಿಂದ ಶುರುವಾಗುವಂತೆ ನಿರ್ದಿಷ್ಟ ವ್ಯಾಪ್ತಿ ಕೊಡಿ. ಇಲ್ಲದಿದ್ದರೆ ಅದು ಮೊದಲ ಸಾಲನ್ನೇ ಹೆಸರು ಅಂತ ತಿಳಿದು ಎಲ್ಲ ಗೊಂದಲ ಮಾಡುತ್ತದೆ.

5. ಸ್ವಂತ ಮಾಪಕದ ಲೆಕ್ಕ ಬೇರೆ ಹಾಳೆಯಲ್ಲಿರಲಿ. ದಿನಾಂಕ, ಮಳೆ, ಟಿಪ್ಪಣಿ, ಮೂರೇ ಕಾಲಂ ಸಾಕು. ಅದನ್ನೂ ಎರಡನೇ ಮೂಲವಾಗಿ ಸೇರಿಸಿ.

ಇದೇ ದಾರಿಯಲ್ಲಿ ಮಾರುಕಟ್ಟೆ ಧಾರಣೆಯನ್ನೂ ತರಬಹುದು. ಕೇಂದ್ರದ ಅಗ್‌ಮಾರ್ಕ್‌ನೆಟ್‌ನ ದಿನವಾರು ಧಾರಣೆ, ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಸಿಗುತ್ತದೆ. ಅಲ್ಲಿ ಮಾತ್ರ ನೋಂದಾಯಿಸಿ ಒಂದು ಕೀಲಿ ಪಡೆಯಬೇಕು.

ಮೊದಲು ಶ್ರುತಿ, ಆಮೇಲೆ ಹಾಡು

ನಮ್ಮದು ಸಂಗೀತದ ಊರು. ಕಾವೇರಿ ದಂಡೆಯಲ್ಲಿ ತಂಬೂರಿ ಆಕಾರದ ಸಪ್ತಸ್ವರ ಮಂದಿರವೇ ಇದೆ. ಹಾಡೋಕೆ ಮುಂಚೆ ತಂಬೂರಿ ಶ್ರುತಿ ಮಾಡೋದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಚಾರ್ಟಿಗೂ ಅಷ್ಟೇ, ಕಾಲಂಗಳು ಶ್ರುತಿ ಸೇರದೆ ಚಿತ್ರ ಬಿಡಿಸಿದರೆ ಎಲ್ಲ ಅಪಸ್ವರ. ನಾನು ಎಡವಿದ ಜಾಗಗಳು ಇವು:

ದಿನಾಂಕ. ನನ್ನ ಶೀಟ್ ಅಮೆರಿಕದ ಪದ್ಧತಿಗೆ ಹೊಂದಿಸಿತ್ತು. 05/07 ಅಂತ ಜುಲೈ 5ರ ಮಳೆ ಬರೆದರೆ ಅದು ಮೇ 7 ಅಂತ ತಿಳಿಯಿತು. 13/07 ಬರೆದರೆ ದಿನಾಂಕವೇ ಅಲ್ಲ ಅಂದುಕೊಂಡು ಬರೀ ಅಕ್ಷರವಾಗಿ ಇಟ್ಟುಕೊಂಡಿತು. ದಿನಾಂಕ ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಅದು ಅಕ್ಷರ, ಬಲಕ್ಕಿದ್ದರೆ ದಿನಾಂಕ ಅಂತ ಸಾಮಾನ್ಯವಾಗಿ ಗುರುತಿಸಬಹುದು. ಶೀಟಿನ ಸೆಟ್ಟಿಂಗ್ಸಲ್ಲಿ ದೇಶ ಭಾರತ ಅಂತ ಮಾಡಿ. ಇಲ್ಲವೇ ವರ್ಷ-ತಿಂಗಳು-ದಿನ ಅನ್ನೋ ಕ್ರಮದಲ್ಲಿ ಬರೆಯಿರಿ, ಗೊಂದಲವೇ ಇಲ್ಲ.

ಸಮಯ. ಸಮಯ ವಲಯ ಕೊಡದಿದ್ದರೆ ಗ್ರೀನಿಚ್ ಸಮಯದಲ್ಲಿ ಬರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನನ್ನ ಮೊದಲ ಚಾರ್ಟ್, ಬೆಳಿಗ್ಗೆ ಎಂಟು-ಒಂಬತ್ತರ ಹೊತ್ತಿಗೆ ಹವೆ ದಿನದಲ್ಲೇ ಅತಿ ಒಣಗಿರುತ್ತೆ ಅಂತ ತೋರಿಸಿತು. ಆ ಹೊತ್ತಿಗೆ ನಮ್ಮ ಹೊಲಕ್ಕೆ ಇಳಿದರೆ ಸೀರೆ ಅಂಚು ಇಬ್ಬನಿಗೆ ನೆನೆಯುತ್ತೆ! ಅದನ್ನು ನಂಬಿ ಸಿಂಪಡಿಸಿದ್ದರೆ ದ್ರಾವಣವೆಲ್ಲ ಎಲೆಯಿಂದ ಜಾರಿ ಹೋಗ್ತಿತ್ತು.

ಸೊನ್ನೆ ಬೇರೆ, ಖಾಲಿ ಬೇರೆ. ಮಳೆ ಬರಲಿಲ್ಲ ಅಂದರೆ 0. ಅಳೆಯಲಿಲ್ಲ ಅಂದರೆ ಖಾಲಿ ಬಿಡಿ. ನಾಸಾ ಪವರ್ ಮಾಹಿತಿ ಇಲ್ಲದ ಕಡೆ -999 ಅಂತ ಹಾಕುತ್ತದೆ. ಅದನ್ನು ತೆಗೆಯದೆ ತಿಂಗಳ ಮಳೆ ಕೂಡಿಸಿದರೆ ಮುಂಗಾರೇ ಮೈನಸ್ಸಿಗೆ ಹೋಗುತ್ತದೆ.

ಅಂಕಿ ಕಾಲಂನಲ್ಲಿ ಮಾತು ಬೇಡ. ನಮ್ಮಪ್ಪ ಮಳೆ ಕಾಲಂನಲ್ಲಿ 'ಜಿಟಿಜಿಟಿ', 'ಹದ ಮಳೆ' ಅಂತ ಬರೀತಿದ್ದರು. ಪುಸ್ತಕದಲ್ಲಿ ಅದು ಚೆನ್ನ. ಶೀಟಿನಲ್ಲಿ ಇಡೀ ಕಾಲಂ ಅಕ್ಷರವಾಗಿ, ಕೂಡಿಸೋಕೆ ಬರದಂಗೆ ಆಯ್ತು. ಆ ಮಾತುಗಳು ಈಗ ಟಿಪ್ಪಣಿ ಕಾಲಂನಲ್ಲಿವೆ.

ಕೂಡಿಸೋದಾ, ಸರಾಸರಿಯಾ? ಲುಕರ್ ಸ್ಟುಡಿಯೊ ಅಂಕಿ ಕಂಡರೆ ಮೊದಲು ಕೂಡಿಸುತ್ತದೆ. ಮಳೆಗೆ ಅದು ಸರಿ. ತೇವಾಂಶಕ್ಕೂ ಹಂಗೇ ಮಾಡಿ ದಿನಕ್ಕೆ ಶೇ. 2,000 ತೇವಾಂಶ ಅಂತ ತೋರಿಸಿತು. ತೇವಾಂಶ, ಉಷ್ಣಾಂಶಕ್ಕೆ ಸರಾಸರಿ ಅಂತ ಬದಲಾಯಿಸಿ.

ಚಾರ್ಟ್ ಯಾಕೆ ನಿಂತಿತ್ತು?

ಇಂಪೋರ್ಟ್‌ಡೇಟಾ ಸೂತ್ರ ಗಂಟೆಗೊಮ್ಮೆ ಹೊಸ ಅಂಕಿ ತರುತ್ತದೆ ನಿಜ. ಆದರೆ ಶೀಟ್ ತೆರೆದಿದ್ದಾಗ ಮಾತ್ರ. ಇದು ಅದರ ಸಹಾಯ ಪುಟದಲ್ಲೇ ಬರೆದಿದೆ, ನಾನು ಓದಿರಲಿಲ್ಲ. ಮೊಬೈಲಲ್ಲಿ ನಾನು ತೆರೀತಿದ್ದದ್ದು ರಿಪೋರ್ಟನ್ನು, ಶೀಟನ್ನಲ್ಲ. ರಿಪೋರ್ಟ್ ಹದಿನೈದು ನಿಮಿಷಕ್ಕೊಮ್ಮೆ ಶೀಟನ್ನು ನೋಡಿ ಬರಬಲ್ಲದು, ಶೀಟಿಗೇ ಹೊಸದು ಬರದಿದ್ದರೆ ಅದೇನು ತರುತ್ತೆ?

ಈಗ ಸೂತ್ರ ತೆಗೆದು, ಶೀಟಿನ ಜೊತೆಗೇ ಬರುವ ಆ್ಯಪ್ಸ್ ಸ್ಕ್ರಿಪ್ಟ್ ಬಳಸ್ತಿದ್ದೇನೆ. ಹತ್ತು ಹದಿನೈದು ಸಾಲಿನ ಪುಟ್ಟ ಪ್ರೋಗ್ರಾಂ. ಅದಕ್ಕೆ ಸಮಯದ ಟ್ರಿಗರ್ ಕೊಟ್ಟರೆ ಲ್ಯಾಪ್‌ಟಾಪ್ ಮುಚ್ಚಿದ್ದರೂ ದಿನಾ ಬೆಳಿಗ್ಗೆ 5ರಿಂದ 6ರೊಳಗೆ ತಾನೇ ಹೋಗಿ ಅಂಕಿ ತಂದು ಹಾಕುತ್ತದೆ. ಬರೆಯೋಕೆ ಬರದಿದ್ದರೆ ಕಾಲೇಜಿಗೆ ಹೋಗೋ ಮಕ್ಕಳನ್ನು ಕೇಳಿ, ಒಂದು ಸಂಜೆಯ ಕೆಲಸ. ಇದರಿಂದ ಇನ್ನೊಂದು ಅನುಕೂಲ ಇದೆ. ಸೂತ್ರ ಹಳೇದನ್ನು ಅಳಿಸಿ ಹೊಸದನ್ನು ಇಡುತ್ತದೆ. ಸ್ಕ್ರಿಪ್ಟಿಗೆ ಹೇಳಿದರೆ ಹಳೇ ಸಾಲು ಉಳಿಸಿಕೊಂಡು ಕೆಳಗೆ ಹೊಸದನ್ನು ಸೇರಿಸುತ್ತಾ ಹೋಗುತ್ತದೆ, ವರ್ಷದ ಲೆಕ್ಕ ಉಳಿಯುತ್ತದೆ.

ಅದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದು. ಅಂಕಿ ತಂದ ದಿನಾಂಕ, ಸಮಯವನ್ನೂ ಸ್ಕ್ರಿಪ್ಟ್ ಒಂದು ಕಾಲಂನಲ್ಲಿ ಬರೆಯುತ್ತದೆ. ರಿಪೋರ್ಟಿನ ನೆತ್ತಿಯ ಮೇಲೆ, ಬಣ್ಣಕ್ಕಿಂತ ದೊಡ್ಡ ಅಕ್ಷರದಲ್ಲಿ 'ಕೊನೆಯ ಬಾರಿ ತಂದದ್ದು' ಅಂತ ಅದನ್ನು ಹಾಕಿದ್ದೇನೆ. ಮುನ್ಸೂಚನೆಯ ದಿನಗಳೂ ಹಾಳೆಯಲ್ಲಿ ಇರೋದರಿಂದ ಕೊನೇ ಸಾಲಿನ ದಿನಾಂಕ ನೋಡಿದರೆ ಮೋಸ ಹೋಗ್ತೀರಿ, ತಂದ ಸಮಯವೇ ಬೇಕು. ಅದು ಇವತ್ತಿನದಲ್ಲದಿದ್ದರೆ ಕೆಳಗಿನ ಯಾವ ಬಣ್ಣವನ್ನೂ ನಾನು ನೋಡೋದಿಲ್ಲ. ಸೀದಾ ಮಾಪಕ, ಇಲ್ಲವೇ ವರುಣ ಮಿತ್ರ, ಇಲ್ಲವೇ ಚಿಕ್ಕಪ್ಪನಿಗೆ ಫೋನು.

ಅಂಗಮಾರಿಗೆ ಚಾರ್ಟ್ ಏನು ಹೇಳುತ್ತೆ, ಏನು ಹೇಳಲ್ಲ

ಅಂಗಮಾರಿ ತರುವ ಫೈಟಾಫ್ತೊರಾ ಇನ್ಫೆಸ್ಟನ್ಸ್, 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕ್ಷಾಮ ತಂದ ಅದೇ ರೋಗಾಣು. ಟೊಮೆಟೊಗೂ ಬರುತ್ತದೆ. ಬ್ರಿಟನ್ನಿನಲ್ಲಿ 2017ರಿಂದ ಹಟನ್ ಮಾನದಂಡ ಅಂತ ಬಳಸುತ್ತಾರೆ. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಇಳಿಯದೆ, ಎರಡೂ ದಿನ ಕನಿಷ್ಠ 6 ಗಂಟೆ ತೇವಾಂಶ ಶೇ. 90 ಅಥವಾ ಹೆಚ್ಚಿದ್ದರೆ ಅಪಾಯ ಅಂತ ಲೆಕ್ಕ. ನಮ್ಮಲ್ಲಿ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 'ಇಂಡೊ-ಬ್ಲೈಟ್‌ಕಾಸ್ಟ್' ಎಂಬ ಮುನ್ಸೂಚನಾ ವ್ಯವಸ್ಥೆ ರೂಪಿಸಿದೆ.

ಹಟನ್ ಲೆಕ್ಕವನ್ನು ನನ್ನ ಚಾರ್ಟಿಗೆ ಹಾಕಿ ನೋಡಿದೆ. ಜುಲೈ ಇಡೀ ಕೆಂಪು! ಮುಂಗಾರಿನ ನಮ್ಮ ರಾತ್ರಿಗಳೇ ಹಾಗೆ, ದಿನಾ ಅಪಾಯವೇ. ದಿನಾ ಕೂಗೋ ಎಚ್ಚರಿಕೆಯಿಂದ ಏನೂ ನಿರ್ಧಾರ ಮಾಡೋಕಾಗಲ್ಲ. ಹಾಗಾಗಿ ನಾನು ಕೇಳೋ ಪ್ರಶ್ನೆಯನ್ನೇ ಬದಲಾಯಿಸಿದೆ. 'ರೋಗ ಬರುತ್ತಾ?' ಅಂತ ಕೇಳೋದು ಬಿಟ್ಟು ಎರಡೇ ವಿಷಯ ನೋಡ್ತೇನೆ. ಹಿಂದಿನ ಸಿಂಪಡಣೆ ಆದ ಮೇಲೆ ಎಷ್ಟು ಮಳೆ ಬಿದ್ದಿದೆ? ಮುಂದಿನ ಮೂರು ದಿನದಲ್ಲಿ ಎಲೆ ಒಣಗಿ, ದ್ರಾವಣ ಅಂಟಿ ಕೂರೋಕೆ ನಾಲ್ಕೈದು ಗಂಟೆ ಬಿಡುವು ಯಾವಾಗ ಸಿಗುತ್ತೆ? ಈ ಎರಡಕ್ಕೆ ಚಾರ್ಟ್ ಚೆನ್ನಾಗಿ ಉತ್ತರ ಕೊಡುತ್ತದೆ.

ಬೋರ್ಡೋ ಶೇ. 1ರ ಅಳತೆ ಗೊತ್ತಿಲ್ಲದವರಿಗೆ: 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿಗೆ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರ್‌ಗೆ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಚೊಕ್ಕ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಅವತ್ತೇ ಬಳಸಿ ಮುಗಿಸಿ. ಇದು ರೋಗ ಬರುವ ಮುಂಚೆ ಕಾಯುವ ಬೇಲಿ, ಬಂದ ಮೇಲೆ ವಾಸಿ ಮಾಡುವ ಔಷಧಿ ಅಲ್ಲ. ಸಾವಯವ ಪ್ರಮಾಣಪತ್ರ ಇರುವವರಿಗೆ ತಾಮ್ರದ ಬಳಕೆಗೆ ಮಿತಿ ಇದೆ, ಪ್ರಮಾಣೀಕರಿಸುವ ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ.

ಮಳೆ ನಕ್ಷತ್ರದ ಲೆಕ್ಕ

ಅಪ್ಪನಿಗೆ ನನ್ನ ಚಾರ್ಟ್ ಇಷ್ಟವಾಗಿದ್ದು ಕೊನೆಗೆ ಮಾಡಿದ ಒಂದು ಕೆಲಸದಿಂದ. ಜುಲೈ, ಆಗಸ್ಟ್ ಅಂತ ಕಂಬ ಎಬ್ಬಿಸಿ ತೋರಿಸಿದರೆ, "ನಂಗೇನು ಅರ್ಥ ಆಗ್ತದೆ ಮಗಳೇ, ಆರಿದ್ರಾ ಎಷ್ಟು, ಪುಷ್ಯ ಎಷ್ಟು ಅಂತ ಹೇಳು" ಅಂದರು. ಸರಿ, ಪಂಚಾಂಗ ನೋಡಿ ಒಂದು ಪುಟ್ಟ ಪಟ್ಟಿ ಮಾಡಿದೆ. ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ಕ್ಕೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ. ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು. ವಿ-ಲುಕಪ್ ಸೂತ್ರದಿಂದ ಪ್ರತಿ ದಿನಾಂಕದ ಮುಂದೆ ಅದರ ಮಳೆ ನಕ್ಷತ್ರ ಬಂತು. ಚಾರ್ಟಿನಲ್ಲಿ ತಿಂಗಳ ಬದಲು ನಕ್ಷತ್ರ ಇಟ್ಟೆ.

ಅವತ್ತಿಂದ ಅಪ್ಪ ದಿನಾ ಎಂಟೂವರೆಗೆ ಮಾಪಕ ಓದಿ, ಅವರೇ ಮೊಬೈಲಲ್ಲಿ ಅಂಕಿ ಹಾಕ್ತಾರೆ. ಹಳೇ ಪುಸ್ತಕದ ಇಂಚುಗಳನ್ನೂ ಕೂತು ಮಿ.ಮೀ.ಗೆ ಇಳಿಸ್ತಿದ್ದಾರೆ, ಇಂಚಿಗೆ 25.4ರ ಲೆಕ್ಕದಲ್ಲಿ. ಊರಿಗೆ ಹೋಗಬೇಕಾದರೆ ಮಾಪಕ ಓದುವ ಕೆಲಸ ಚಿಕ್ಕಪ್ಪನ ಮಗನಿಗೆ ವಹಿಸಿ ಹೋಗ್ತೇವೆ.

ಈ ವರ್ಷ ಏನಾಯ್ತು?

ಈ ಸಲವೂ ರೋಗ ಬಂತು. ಬರಲೇ ಇಲ್ಲ ಅಂದರೆ ಸುಳ್ಳಾಗುತ್ತೆ. ತಗ್ಗಿನ ಮಡಿಯಲ್ಲಿ ಎಲೆ ಅಂಚಿಗೆ ನೀರು ಕುಡಿದಂಥ ಮಚ್ಚೆ ಕಂಡ ದಿನವೇ ಆ ಗಿಡಗಳನ್ನು ಕಿತ್ತು ದೂರ ಹೂತೆವು. ಅದರ ಹಿಂದಿನ ದಿನವಷ್ಟೇ, 46 ಮಿ.ಮೀ. ಆಗಿದ್ದಾಗ, ಮಧ್ಯಾಹ್ನದ ಒಂದು ಬಿಡುವು ನೋಡಿ ಸಿಂಪಡಿಸಿದ್ದೆವು. ಹೋಗಿದ್ದು ಎರಡು ಗುಂಟೆ. ಇದು ಚಾರ್ಟಿನಿಂದಲೋ, ಈ ವರ್ಷದ ಮಳೆಯ ರೀತಿಯಿಂದಲೋ ಒಂದು ಬೆಳೆಯಲ್ಲಿ ತೀರ್ಮಾನ ಮಾಡೋಕಾಗಲ್ಲ. ಮೊದಲ ಮಚ್ಚೆ ಕಂಡಿದ್ದಂತೂ ಬದುವಿನ ಮೇಲೆ ನಡೀತಿದ್ದ ಅಪ್ಪನ ಕಣ್ಣಿಗೆ.

ನೀವು ಶುರು ಮಾಡೋದಾದರೆ ಮೊದಲು ಮಾಪಕ ನೆಟ್ಟು ಒಂದು ತಿಂಗಳು ಕೈಯಲ್ಲೇ ಬರೆಯಿರಿ. ಆಮೇಲೆ ಶೀಟಿಗೆ ಹಾಕಿ. ಮೂರನೆಯದಾಗಿ ಹೊರಗಿನ ಮಾಹಿತಿ ಜೋಡಿಸಿ, ನಿಮ್ಮ ಮಾಪಕದ ಜೊತೆ ತಾಳೆ ಹಾಕಿ. ಬಣ್ಣ, ಚಿತ್ರ ಎಲ್ಲ ಕೊನೆಗೆ. ಮತ್ತೆ, ಎಷ್ಟು ದಿನ ಹಳೇ ಅಂಕಿ ನೋಡ್ತಿದ್ದೀರಿ ಅನ್ನೋದನ್ನು ಚಾರ್ಟಿನ ತಲೆಯ ಮೇಲೇ ಬರೆಸಿಕೊಳ್ಳಿ. ಆ ಒಂದು ಸಾಲು ಇದ್ದಿದ್ದರೆ ನಮ್ಮ ಎಂಟು ಗುಂಟೆಯಲ್ಲಿ ಅರ್ಧವಾದರೂ ಉಳೀತಿತ್ತು.